ಆ ಕರೆ ಅಸಲಿಯೇ ಎಂದು ಕೇಳುವ ಮೊದಲು

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ್ದ ವಸ್ತುವೊಂದನ್ನು ವಾಪಸ್ ಮಾಡಿದ್ದೆ, ದುಡ್ಡು ಬರಲಿಲ್ಲ. ಕಂಪನಿಯ ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಕರೆ ಮಾಡಿದೆ. ಫೋನ್ ಎತ್ತಿದವರು ಬಹಳ ವಿನಯದಿಂದ ಮಾತಾಡಿದರು. 'ರೀಫಂಡ್ ಸಿಕ್ಕಿಹಾಕಿಕೊಂಡಿದೆ, ಒಂದು ಆ್ಯಪ್ ಹಾಕಿಕೊಳ್ಳಿ, ಮಿಕ್ಕಿದ್ದು ನಾವೇ ನೋಡಿಕೊಳ್ಳುತ್ತೇವೆ' ಎಂದರು. ಅನುಮಾನ ಬಂದು ಫೋನ್ ಇಟ್ಟೆ. ಸ್ವಲ್ಪ ಹೊತ್ತಿಗೆ 'ಬ್ಯಾಂಕಿನಿಂದ' ಎಂದು ಇನ್ನೊಂದು ಕರೆ. ಪರದೆಯ ಮೇಲೆ ಬ್ಯಾಂಕಿನ ನಂಬರೇ ಕಾಣಿಸುತ್ತಿತ್ತು, ಅವರಿಗೆ ನನ್ನ ಹೆಸರು, ವಿಳಾಸ ಎಲ್ಲ ಗೊತ್ತಿತ್ತು. ಇವೆರಡರಲ್ಲಿ ಅಸಲಿ ಯಾವುದು? ಮುಂದೆ ಇಂಥವರನ್ನು ಗುರುತಿಸುವುದು ಹೇಗೆ? ವಯಸ್ಸಾದ ತಾಯಿಗೆ ಏನೆಂದು ಹೇಳಿಕೊಡಲಿ?

ಉತ್ತರ: ಮೊದಲನೆಯದು ಖಂಡಿತ ನಕಲಿ. ರೀಫಂಡ್ ಆಗುವುದು ಕಂಪನಿಯ ಕಂಪ್ಯೂಟರಿನಲ್ಲಿ. ಅದಕ್ಕಾಗಿ ನಿಮ್ಮ ಫೋನಿನೊಳಗೆ ಇಳಿಯುವ ಅಗತ್ಯ ಯಾವ ಕಂಪನಿಗೂ ಇಲ್ಲ. ಎರಡನೆಯದನ್ನೂ ನಕಲಿ ಎಂದೇ ಇಟ್ಟುಕೊಳ್ಳಿ. ಅಕಸ್ಮಾತ್ ಅಸಲಿಯೇ ಆಗಿದ್ದರೂ ನಿಮಗೆ ನಷ್ಟವಿಲ್ಲ: ನೀವೇ ಬ್ಯಾಂಕಿಗೆ ಕರೆ ಮಾಡಿ ವಿಚಾರಿಸಿದರೆ ಆ ಸಂಗತಿ ಅವರ ದಾಖಲೆಯಲ್ಲಿ ಇದ್ದೇ ಇರುತ್ತದೆ. ಆದರೆ ನನ್ನ ಅಂದಾಜಿನಲ್ಲಿ ಎರಡೂ ಒಂದೇ ಗುಂಪಿನ ಕೆಲಸ. ಒಬ್ಬ ಹೆದರಿಸುತ್ತಾನೆ, ಹೆದರಿದವರ ಬಳಿಗೆ ಇನ್ನೊಬ್ಬ ರಕ್ಷಕನಾಗಿ ಬರುತ್ತಾನೆ. 'ನಿಮ್ಮ ಖಾತೆಗೆ ಯಾರೋ ಕೈ ಹಾಕುತ್ತಿದ್ದಾರೆ' ಎಂಬ ಮಾತು ಆ ಹೊತ್ತಿಗೆ ಎಷ್ಟು ನಿಜವೆನಿಸುತ್ತದೆ, ನೋಡಿ.

ನಿಮ್ಮ ರೀಫಂಡ್‌ಗೆ ದಾರಿ ಬೇರೆ ಇದೆ. ಫೋನಿನಲ್ಲಿ ಈಗಾಗಲೇ ಇರುವ ಆ ಕಂಪನಿಯ ಆ್ಯಪ್ ತೆರೆದು, ಆ ಆರ್ಡರಿನ ಪುಟಕ್ಕೇ ಹೋಗಿ, ಅಲ್ಲಿರುವ ಸಹಾಯ ವಿಭಾಗದಲ್ಲಿ ಬರೆಯಿರಿ. ಅಲ್ಲಿ ದಾರಿ ಮುಚ್ಚಿದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಆ ಪಾವತಿಯ ಬಗ್ಗೆ ತಕರಾರು ಸಲ್ಲಿಸಬಹುದು. ಅದಕ್ಕೆ ಕಾಲಮಿತಿ ಇರುವುದರಿಂದ ತಡ ಮಾಡಬೇಡಿ.

ಇನ್ನು 'ಗುರುತಿಸುವುದು ಹೇಗೆ' ಎಂಬ ಪ್ರಶ್ನೆ. ಅದನ್ನು ನೀವು ಕೈಬಿಡಬೇಕೆಂಬುದೇ ನನ್ನ ಸಲಹೆ. ಹರುಕುಮುರುಕು ಭಾಷೆ, ಕಾಗುಣಿತದ ತಪ್ಪು, ಹಿಂದಿನಿಂದ ಕೇಳುವ ಗದ್ದಲ, ಒರಟು ಮಾತು, ಇವನ್ನೆಲ್ಲ ನೋಡಿ ಪತ್ತೆ ಹಚ್ಚಿ ಎಂದು ಹಿಂದೆ ಹೇಳಿಕೊಡುತ್ತಿದ್ದರು. ಈಗ ಅವರ ಭಾಷೆ ನಿಮ್ಮದಕ್ಕಿಂತ ಶುದ್ಧವಾಗಿರಬಹುದು. ಕಾಯಿಸುವಾಗಿನ ಸಂಗೀತ, 'ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ' ಎಂಬ ಪ್ರಕಟಣೆ, ದೂರಿನ ಸಂಖ್ಯೆ, 'ನನ್ನ ಮೇಲಧಿಕಾರಿಗೆ ಕೊಡುತ್ತೇನೆ' ಎಂಬ ಉಪಚಾರ ಎಲ್ಲವೂ ಇರುತ್ತವೆ. ದಿನವಿಡೀ ಇದೇ ಕಸುಬು ಮಾಡುವವನ ಎದುರು, ಗಾಬರಿಯಲ್ಲಿ ಇರುವ ನೀವು, ಎರಡು ನಿಮಿಷದಲ್ಲಿ ಸತ್ಯಶೋಧನೆ ಮಾಡಬೇಕು ಎನ್ನುವುದೇ ಅನ್ಯಾಯದ ಪಂದ್ಯ. ಆ ಪಂದ್ಯಕ್ಕೇ ಇಳಿಯಬೇಡಿ.

ಮನುಷ್ಯನನ್ನು ಅಳೆಯುವ ಬದಲು, ಆ ಮಾತುಕತೆ ಶುರುವಾದ ದಾರಿಯನ್ನು ನೋಡಿ. ಅದು ನಾನು ಆರಿಸಿದ, ನನಗೆ ಮೊದಲೇ ಗೊತ್ತಿದ್ದ ದಾರಿಯೇ? ಆಗಿದ್ದರೆ ಮುಂದುವರಿಸಬಹುದು. ಆಗಿಲ್ಲದಿದ್ದರೆ ಎದುರಿಗಿರುವವರು ಒಳ್ಳೆಯವರೋ ಕೆಟ್ಟವರೋ ಎಂದು ತೀರ್ಮಾನಿಸುವ ಗೋಜಿಗೇ ಹೋಗದೆ ನಿಲ್ಲಿಸಿ, ನಿಮ್ಮ ದಾರಿಯಿಂದ ಮತ್ತೆ ಹೋಗಿ. ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ ನಂಬರ್, ಬಿಲ್ಲು ಅಥವಾ ಸ್ಟೇಟ್‌ಮೆಂಟಿನ ಮೇಲಿರುವ ನಂಬರ್, ನೀವೇ ಟೈಪ್ ಮಾಡಿದ ವೆಬ್‌ಸೈಟ್ ವಿಳಾಸ, ಆ್ಯಪ್‌ನ ಒಳಗಿನ ಸಹಾಯ ವಿಭಾಗ, ಇವು ನಿಮ್ಮ ದಾರಿಗಳು.

ಸರ್ಚ್ ಮಾಡಿ ಸಿಕ್ಕ ನಂಬರ್ ಈ ಪಟ್ಟಿಯಲ್ಲಿ ಇಲ್ಲ. ನೀವು ಎಡವಿದ್ದು ಇಲ್ಲೇ, ಹೆಚ್ಚಿನವರು ಎಡವುವುದೂ ಇಲ್ಲೇ. 'ಕರೆ ಮಾಡಿದ್ದು ನಾನೇ, ಅವರಲ್ಲವಲ್ಲ' ಎಂಬ ಧೈರ್ಯ ನಮ್ಮ ಎಚ್ಚರವನ್ನು ಮಲಗಿಸಿಬಿಡುತ್ತದೆ. ಹುಡುಕಾಟದ ಪುಟದ ಮೇಲ್ತುದಿಯಲ್ಲಿ ಬರುವುದು ಎಷ್ಟೋ ಸಲ ಜಾಹೀರಾತು, ಅದನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು. ನಕ್ಷೆಯ ಆ್ಯಪ್‌ಗಳಲ್ಲಿ ಅಂಗಡಿ, ಬ್ಯಾಂಕ್ ಶಾಖೆಗಳ ವಿವರಕ್ಕೆ ತಿದ್ದುಪಡಿ ಸೂಚಿಸುವ ಅವಕಾಶ ಸಾರ್ವಜನಿಕರಿಗೂ ಇರುತ್ತದೆ, ಆ ಬಾಗಿಲಿನಿಂದ ಸುಳ್ಳು ನಂಬರ್ ಒಳಸೇರಿದ್ದುಂಟು. ಯಾರು ಬೇಕಾದರೂ ಬರೆಯಬಹುದಾದ ದೊಡ್ಡ ದೊಡ್ಡ ತಾಣಗಳಲ್ಲಿ ಕಂಪನಿಯ ಹೆಸರು ಮತ್ತು 'ಕಸ್ಟಮರ್ ಕೇರ್' ಎಂಬ ಪದದ ಜೊತೆ ತಮ್ಮ ನಂಬರನ್ನು ನೂರಾರು ಕಡೆ ಅಂಟಿಸುವುದು ಇನ್ನೊಂದು ವಿಧಾನ. ಸರ್ಚ್ ಎಂಜಿನ್ ಅದನ್ನೇ ಹೆಕ್ಕಿ ತರುತ್ತದೆ. ಎಐ ಕೊಡುವ ಸಿದ್ಧ ಉತ್ತರಗಳೂ ಇದೇ ರಾಶಿಯಿಂದ ಹೆಕ್ಕುವುದರಿಂದ, ಅವು ಖಚಿತವಾದ ದನಿಯಲ್ಲಿ ಸುಳ್ಳು ನಂಬರ್ ಹೇಳಬಲ್ಲವು.

ವೆಬ್‌ಸೈಟ್ ಅಸಲಿಯಾಗಿದ್ದರೂ ಸಾಲದು ಎಂಬುದು 2025ರ ಜೂನ್‌ನಲ್ಲಿ ಗೊತ್ತಾಯಿತು. ಭದ್ರತಾ ಸಂಸ್ಥೆ ಮಾಲ್‌ವೇರ್‌ಬೈಟ್ಸ್ ಬಯಲು ಮಾಡಿದ ತಂತ್ರದಲ್ಲಿ ಜಾಹೀರಾತು ಒತ್ತಿದರೆ ತೆರೆಯುತ್ತಿದ್ದದ್ದು ನೆಟ್‌ಫ್ಲಿಕ್ಸ್, ಪೇಪಾಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳ ನಿಜವಾದ ತಾಣವೇ. ಬ್ರೌಸರ್‌ನ ಮೇಲ್ತುದಿಯಲ್ಲಿ ಕಾಣುವ ತಾಣದ ವಿಳಾಸ ನೋಡಿದರೂ ತಪ್ಪು ಕಾಣದು. ಆದರೆ ಲಿಂಕ್‌ನ ಬಾಲದಲ್ಲಿ ಒಂದು ಹುಡುಕಾಟದ ವಾಕ್ಯವನ್ನು ಸೇರಿಸಿರುತ್ತಿದ್ದರು, ಅದರಲ್ಲಿ ವಂಚಕರ ನಂಬರ್ ಇರುತ್ತಿತ್ತು. ತಾಣ ತನ್ನ ಹುಡುಕಾಟದ ಪೆಟ್ಟಿಗೆಯಲ್ಲಿ ಆ ವಾಕ್ಯವನ್ನು ಹಾಗೇ ತೋರಿಸುತ್ತಿತ್ತು. ನೋಡುವವರಿಗೆ ಕಂಪನಿಯೇ ತನ್ನ ನಂಬರ್ ಬರೆದಂತೆ ಕಾಣುತ್ತಿತ್ತು. ಆದ್ದರಿಂದ ಜಾಹೀರಾತಿನ ಮೂಲಕ ಸಹಾಯ ಹುಡುಕುವ ಅಭ್ಯಾಸವನ್ನೇ ಬಿಡುವುದು ಕ್ಷೇಮ.

ಇನ್ನೊಂದು ಮಾತು. ಎಷ್ಟೋ ದೊಡ್ಡ ಆನ್‌ಲೈನ್ ಸೇವೆಗಳು ಸಾಮಾನ್ಯ ಬಳಕೆದಾರರಿಗೆ ಫೋನ್ ನಂಬರನ್ನೇ ಇಟ್ಟಿಲ್ಲ. ಇಟ್ಟವರೂ ಅದನ್ನು ಏಳು ಪುಟಗಳ ಹಿಂದೆ ಬಚ್ಚಿಡುತ್ತಾರೆ. ಮನುಷ್ಯರೊಬ್ಬರ ಜೊತೆ ಮಾತಾಡಬೇಕೆಂಬ ಜನರ ಆಸೆ ಸಹಜವಾದದ್ದು. ಕಂಪನಿಗಳು ಉಳಿತಾಯಕ್ಕಾಗಿ ಖಾಲಿ ಬಿಟ್ಟ ಆ ಕುರ್ಚಿಯಲ್ಲಿ ವಂಚಕರು ಬಂದು ಕೂತಿದ್ದಾರೆ. ಗ್ರಾಹಕರಿಗೆ 'ಜಾಗೃತರಾಗಿರಿ' ಎಂದು ಸಂದೇಶ ಕಳಿಸುವ ಕಂಪನಿಗಳಿಗೆ ಈ ಪಾಪದಲ್ಲಿ ಪಾಲಿದೆ ಎಂದು ನನಗೆ ಅನಿಸುತ್ತದೆ. ಅದು ಹಾಗಿರಲಿ. ಕಂಪನಿಗೆ ಫೋನ್ ಸಹಾಯವೇ ಇಲ್ಲ ಎಂದಾದರೆ, ಅದರ ಹೆಸರಿನಲ್ಲಿ ಸಿಗುವ ಪ್ರತಿ ನಂಬರೂ ನಕಲಿಯೇ.

ಸಾಮಾಜಿಕ ಜಾಲತಾಣದಲ್ಲಿ ಕಂಪನಿಯನ್ನು ಟ್ಯಾಗ್ ಮಾಡಿ ದೂರು ಬರೆದರೂ ಇದೇ ಕಥೆ. ಕಂಪನಿ ಎರಡು ದಿನ ಸುಮ್ಮನಿದ್ದರೂ ನಕಲಿ ಖಾತೆಯವರು ಎರಡು ನಿಮಿಷದಲ್ಲಿ 'ತೊಂದರೆಗೆ ಕ್ಷಮಿಸಿ, ನಿಮ್ಮ ನಂಬರ್ ಕಳಿಸಿ' ಎಂದು ಬರುತ್ತಾರೆ. ನೀಲಿ ಟಿಕ್ ಇದ್ದರೆ ನಂಬಬಹುದು ಎಂಬ ಕಾಲವೂ ಮುಗಿದಿದೆ. 2022ರ ನವೆಂಬರ್‌ನಲ್ಲಿ ಟ್ವಿಟರ್ ತಿಂಗಳಿಗೆ 8 ಡಾಲರ್‌ಗೆ ಆ ಗುರುತನ್ನು ಮಾರಲು ಶುರುಮಾಡಿದ ಕೂಡಲೇ, ಔಷಧ ಕಂಪನಿ ಎಲಿ ಲಿಲ್ಲಿಯ ಹೆಸರಿನ ನಕಲಿ ಖಾತೆಯೊಂದು 'ಇನ್ಸುಲಿನ್ ಇನ್ನು ಉಚಿತ' ಎಂದು ಸಾರಿತ್ತು. ಅಸಲಿ ಕಂಪನಿ ಕ್ಷಮೆ ಕೋರಿ ಸ್ಪಷ್ಟನೆ ಕೊಡಬೇಕಾಯಿತು.

ಈಗ ಪರದೆಯ ಮೇಲೆ ಕಂಡ ಬ್ಯಾಂಕಿನ ನಂಬರ್ ವಿಷಯ. ಕರೆ ಬಂದಾಗ ಕಾಣುವ ನಂಬರ್ ಕರೆ ಮಾಡುವವರ ಕಡೆಯಿಂದ ಬರುವ ಮಾಹಿತಿ, ಅದನ್ನು ಬದಲಿಸಿ ಕಳಿಸಲು ಬರುತ್ತದೆ. ಎಸ್‌ಎಂಎಸ್ ಇನ್ನೂ ಮೋಸಗಾರ: ಕಳಿಸಿದವರ ಹೆಸರಿನ ಜಾಗದಲ್ಲಿ ಬ್ಯಾಂಕಿನ ಹೆಸರು ಹಾಕಿದರೆ ನಿಮ್ಮ ಫೋನ್ ಅದನ್ನು ಬ್ಯಾಂಕಿನ ಹಳೆಯ ಅಸಲಿ ಸಂದೇಶಗಳ ಸಾಲಿನಲ್ಲೇ ಜೋಡಿಸಿ ತೋರಿಸುತ್ತದೆ. ಇದನ್ನು ತಡೆಯುವ ಪ್ರಯತ್ನಗಳು ನಡೆದಿವೆ. ಅಮೆರಿಕದಲ್ಲಿ ದೊಡ್ಡ ದೂರವಾಣಿ ಕಂಪನಿಗಳು 2021ರ ಜೂನ್ 30ರೊಳಗೆ ಕರೆಗಳಿಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆಯನ್ನು ತಮ್ಮ ಇಂಟರ್‌ನೆಟ್ ಆಧಾರಿತ ಜಾಲಗಳಲ್ಲಿ ಅಳವಡಿಸಬೇಕೆಂದು ಕಾನೂನೇ ಆಯಿತು. ಆದರೆ ಕಾಣುವ ನಂಬರನ್ನು ಬದಲಿಸಿಲ್ಲ ಎಂದಷ್ಟೇ ಆ ಸಹಿ ಹೇಳೀತು, ಮಾತಾಡುವವನು ಕಳ್ಳನಲ್ಲ ಎಂದು ಹೇಳಲಾರದು.

ಹೆಸರು, ವಿಳಾಸ ಹೇಗೆ ಗೊತ್ತಾಯಿತು? ಸೋರಿಕೆಯಿಂದ. ಪಾರ್ಸೆಲ್ ಮೇಲಿನ ಚೀಟಿಯಿಂದ ಹಿಡಿದು ಕಂಪನಿಯ ದತ್ತಾಂಶ ಕಳವಿನವರೆಗೆ ಅದಕ್ಕೆ ನೂರು ದಾರಿ. ಕೆಲವೊಮ್ಮೆ ಒಳಗಿನವರೇ ಮಾರುತ್ತಾರೆ. ಕ್ರಿಪ್ಟೋ ವಿನಿಮಯ ಸಂಸ್ಥೆ ಕಾಯಿನ್‌ಬೇಸ್ 2025ರ ಮೇ ತಿಂಗಳಲ್ಲಿ ಹೊರಗೆಡವಿದ ಪ್ರಕರಣ ಇಂಥದ್ದೇ: ಗ್ರಾಹಕ ಸೇವೆಯಲ್ಲಿದ್ದ ಕೆಲವರಿಗೆ ಲಂಚ ಕೊಟ್ಟು 69 ಸಾವಿರಕ್ಕೂ ಹೆಚ್ಚು ಗ್ರಾಹಕರ ವಿವರ ಪಡೆಯಲಾಗಿತ್ತು. ಕಾಯಿನ್‌ಬೇಸ್‌ನವರೆಂದೇ ನಟಿಸಿ ಅವರಿಗೆ ಕರೆ ಮಾಡಿ ಹಣ ಕೀಳುವುದು ಉದ್ದೇಶ. ಸಂಸ್ಥೆಯಿಂದ 2 ಕೋಟಿ ಡಾಲರ್ ಸುಲಿಯುವ ಯತ್ನವೂ ನಡೆಯಿತು. ಹಾಗಾಗಿ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಹುಟ್ಟಿದ ದಿನ, ಕಳೆದ ವಾರದ ಆರ್ಡರ್ ಯಾವುದನ್ನೇ ಹೇಳಿದರೂ ಅದು ಗುರುತಿನ ಚೀಟಿ ಅಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ನೀವು ಬ್ಯಾಂಕಿಗೆ ಕರೆ ಮಾಡಿದಾಗ 'ನೀವು ಯಾರು' ಎಂದು ಅವರು ಪರೀಕ್ಷಿಸುವುದು ನ್ಯಾಯ. ಅವರೇ ಕರೆ ಮಾಡಿದಾಗ ಪರೀಕ್ಷೆಗೆ ಒಳಗಾಗಬೇಕಾದವರು ಅವರು. ವಂಚಕ ಇದನ್ನು ಸದ್ದಿಲ್ಲದೆ ತಿರುಗಿಸುತ್ತಾನೆ: 'ಭದ್ರತೆಗಾಗಿ ನಿಮ್ಮನ್ನು ದೃಢೀಕರಿಸಬೇಕು, ಈಗ ಬಂದ ಕೋಡ್ ಹೇಳಿ'. ಅದೇ ಕ್ಷಣದಲ್ಲಿ ಅವನು ಇನ್ನೊಂದು ಕಡೆ ನಿಮ್ಮ ಖಾತೆಗೆ ಲಾಗಿನ್ ಆಗುತ್ತಿರುತ್ತಾನೆ, ಅಥವಾ ಹೊಸ ಪಾಸ್‌ವರ್ಡ್ ಇಡುತ್ತಿರುತ್ತಾನೆ. ಒಟಿಪಿ ಬಂದದ್ದೇ ಅವನ ಕೈಚಳಕದಿಂದ. 'ಇದು ವಹಿವಾಟು ರದ್ದು ಮಾಡುವ ಕೋಡ್' ಎಂದು ಅವನು ಹೇಳುತ್ತಿರುವಾಗ ಸಂದೇಶದಲ್ಲಿ ಏನು ಬರೆದಿದೆ ಎಂದು ಪೂರ್ತಿ ಓದುವವರು ಕಡಿಮೆ. ಲಾಗಿನ್‌ಗೆ ಅನುಮತಿ ಕೊಡಿ ಎಂದು ಪರದೆಯ ಮೇಲೆ ಬರುವ 'ಹೌದು, ಅದು ನಾನೇ' ಗುಂಡಿಗೂ ಇದೇ ಮಾತು.

ಕೋಡ್ ಕೇಳುವುದಕ್ಕಿಂತ ದೊಡ್ಡ ಅಪಾಯ ಸ್ಕ್ರೀನ್ ಶೇರ್. ನಿಮ್ಮ ಪರದೆಯನ್ನು ದೂರದಿಂದಲೇ ನೋಡಲು, ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಕೆಟ್ಟ ತಂತ್ರಾಂಶಗಳಲ್ಲ, ಕಚೇರಿಗಳಲ್ಲಿ ದಿನವೂ ಬಳಸುತ್ತಾರೆ. ಅದಕ್ಕೇ ವೈರಸ್ ತಡೆಯುವ ತಂತ್ರಾಂಶ ಸಾಮಾನ್ಯವಾಗಿ ಅವನ್ನು ಕಂಡು ಕೂಗುವುದಿಲ್ಲ. ಪರದೆ ಕಂಡರೆ ಬರುವ ಕೋಡೂ ಕಾಣುತ್ತದೆ, ಟೈಪಿಸುವ ಪಾಸ್‌ವರ್ಡೂ ಕಾಣಬಹುದು. ಮೌಸ್ ಅವರ ಕೈಗೆ ಹೋದರೆ ರೀಫಂಡ್ ನಾಟಕ ಶುರು. ಬ್ಯಾಂಕಿನ ಪುಟ ತೆರೆಸುತ್ತಾರೆ, ಒಂದು ಗಳಿಗೆ ಪರದೆಯನ್ನು ಕಪ್ಪಾಗಿಸುತ್ತಾರೆ. ಬ್ರೌಸರ್‌ನಲ್ಲಿ ಯಾವುದೇ ಪುಟದ ಅಕ್ಷರ, ಅಂಕಿಗಳನ್ನು ನಮ್ಮ ಕಂಪ್ಯೂಟರಿನ ಮಟ್ಟಿಗೆ ತಿದ್ದಿ ತೋರಿಸುವ ಸೌಲಭ್ಯವಿದೆ, ವೆಬ್ ತಯಾರಿಸುವವರಿಗೆಂದು ಇಟ್ಟದ್ದು. ಅದರಿಂದ ಶಿಲ್ಕಿನಲ್ಲಿ ಒಂದು ಸೊನ್ನೆ ಸೇರಿಸುತ್ತಾರೆ. ಇಲ್ಲವೇ ನಿಮ್ಮದೇ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಸರಿಸುತ್ತಾರೆ. ಆಮೇಲೆ ಗೋಳಾಟ: 'ಅಯ್ಯೋ, ಹತ್ತು ಪಟ್ಟು ಹೆಚ್ಚು ಹಾಕಿಬಿಟ್ಟೆ, ನನ್ನ ಕೆಲಸ ಹೋಗುತ್ತದೆ, ಹೆಚ್ಚಿನದನ್ನು ವಾಪಸ್ ಕಳಿಸಿ.' ಒಳ್ಳೆಯ ಮನಸ್ಸಿನವರು ತಮ್ಮ ಸ್ವಂತ ಹಣವನ್ನು ಕಳಿಸುತ್ತಾರೆ. ಈ ನಾಟಕದಲ್ಲಿ ದುರಾಸೆಗೆ ಜಾಗವಿಲ್ಲ, ಬಲಿಯಾಗುವುದು ಪ್ರಾಮಾಣಿಕತೆ. ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಇದೇ.

ಉಳಿದ ಬೇಡಿಕೆಗಳನ್ನು ಬೇಗ ಹೇಳಿಬಿಡುತ್ತೇನೆ. 'ಸುರಕ್ಷಿತ ಖಾತೆ'ಗೆ ಹಣ ವರ್ಗಾಯಿಸಿ ಎಂದು ಯಾವ ಬ್ಯಾಂಕೂ ಹೇಳುವುದಿಲ್ಲ. ಗಿಫ್ಟ್ ಕಾರ್ಡ್ ಕೊಂಡು ಅದರ ಸಂಖ್ಯೆ ಓದಿ ಎಂದರೆ ಮೋಸವೇ. ಕ್ರಿಪ್ಟೋ ವ್ಯಾಲೆಟ್‌ನ ಹನ್ನೆರಡೋ ಇಪ್ಪತ್ನಾಲ್ಕೋ ಪದಗಳ ರಹಸ್ಯ ಸಾಲನ್ನು ಯಾವ ಸಹಾಯಕರಿಗೂ ಹೇಳಬೇಕಾಗಿಲ್ಲ. ಕಂಪ್ಯೂಟರ್ ಪರದೆ ತುಂಬ ಕೆಂಪು ಎಚ್ಚರಿಕೆ, ಸೈರನ್ ಸದ್ದು, ಜೊತೆಗೆ ಒಂದು ಫೋನ್ ನಂಬರ್ ಬಂದರೆ ಅದು ಬರೀ ವೆಬ್‌ಪುಟ. ತನ್ನ ದೋಷಸೂಚನೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ಬ್ರೌಸರ್ ಮುಚ್ಚಿ. ಜಗ್ಗದಿದ್ದರೆ ಯಂತ್ರವನ್ನೇ ಆರಿಸಿ. ಮತ್ತೆ ತೆರೆದಾಗ 'ಹಳೆಯ ಪುಟಗಳನ್ನು ಮರಳಿ ತರಲೇ' ಎಂದು ಕೇಳಿದರೆ ಬೇಡ ಎನ್ನಿ. 'ಫೋನ್ ಇಡಬೇಡಿ, ಮನೆಯವರಿಗೆ ಹೇಳಬೇಡಿ' ಎಂಬ ಮಾತು ಕಿವಿಗೆ ಬಿದ್ದರೆ ಇಡಲೇಬೇಕಾದ ಗಳಿಗೆ ಅದೇ.

ಇಡುವುದು ಹೇಗೆ ಎಂಬುದೂ ಒಂದು ಕಷ್ಟವೇ. ಮರ್ಯಾದಸ್ಥರಿಗೆ ಎದುರಿನವರ ಮಾತು ಕಡಿಯಲು ಸಂಕೋಚ. 'ಸರಿ, ನಾನೇ ಬ್ಯಾಂಕಿಗೆ ಮಾಡಿ ಮಾತಾಡುತ್ತೇನೆ' ಎಂದು ಹೇಳಿ ಇಟ್ಟುಬಿಡಿ. ಅಸಲಿ ಸಿಬ್ಬಂದಿ ಇದಕ್ಕೆ ಬೇಸರಪಡುವುದಿಲ್ಲ. ಅವನು ವಾದಕ್ಕಿಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವನು ಕೊಟ್ಟ ನಂಬರಿಗೆ ವಾಪಸ್ ಮಾಡಬೇಡಿ, ಬಂದ ಕರೆಗಳ ಪಟ್ಟಿಯಿಂದಲೂ ಬೇಡ, ಕಾರ್ಡ್ ತಿರುಗಿಸಿ ನೋಡಿ ಒತ್ತಿ. ಸ್ಥಿರ ದೂರವಾಣಿಯಾದರೆ ಇನ್ನೊಂದು ಎಚ್ಚರಿಕೆ: ಕೆಲವು ಕಡೆ ಕರೆ ಮಾಡಿದವನು ಇಡದಿದ್ದರೆ ಲೈನ್ ಕೂಡಲೇ ಕಡಿಯದಿರಬಹುದು. ವಂಚಕ ಲೈನಿನಲ್ಲೇ ಕೂತು ಡಯಲ್ ಟೋನ್ ಸದ್ದು ಕೇಳಿಸಿ, ನೀವು 'ಬ್ಯಾಂಕಿಗೆ' ಮಾಡಿದಾಗ ತಾನೇ ಉತ್ತರಿಸುತ್ತಾನೆ. ಬೇರೆ ಫೋನಿನಿಂದ ಮಾಡಿ.

ಇದೆಲ್ಲ ತಿಳಿವಳಿಕೆ ಇಲ್ಲದವರ ಪಾಡು ಎಂದುಕೊಳ್ಳಬೇಡಿ. 2020ರ ಜುಲೈ 15ರಂದು ಒಬಾಮ, ಬೈಡನ್, ಬಿಲ್ ಗೇಟ್ಸ್ ಅವರ ಟ್ವಿಟರ್ ಖಾತೆಗಳಿಂದ ಬಿಟ್‌ಕಾಯಿನ್ ಕೇಳುವ ಸಂದೇಶಗಳು ಹೊರಟವು. ದಾಳಿಕೋರರು ಟ್ವಿಟರ್ ನೌಕರರಿಗೇ ಫೋನ್ ಮಾಡಿ ನಂಬಿಸಿ ಒಳದಾರಿ ಪಡೆದಿದ್ದರು. 130 ಖಾತೆಗಳು ಅವರ ಗುರಿಯಾದವು. 2022ರ ಸೆಪ್ಟೆಂಬರ್‌ನಲ್ಲಿ ಊಬರ್‌ನ ಹೊರಗುತ್ತಿಗೆ ಕೆಲಸಗಾರರೊಬ್ಬರ ಫೋನಿಗೆ ಲಾಗಿನ್ ಅನುಮತಿಯ ಕೋರಿಕೆಗಳು ಒಂದರ ಹಿಂದೊಂದು ಬಂದವು. ಕೊನೆಗೆ ಒಂದಕ್ಕೆ ಅವರು ಒಪ್ಪಿಗೆ ಒತ್ತಿದರು. 2024ರ ಆರಂಭದಲ್ಲಿ ಸುದ್ದಿಯಾದ ಹಾಂಗ್‌ಕಾಂಗ್ ಪ್ರಕರಣದಲ್ಲಿ ಎಂಜಿನಿಯರಿಂಗ್ ಸಂಸ್ಥೆ ಅರೂಪ್‌ನ ನೌಕರರೊಬ್ಬರು ವಿಡಿಯೊ ಸಭೆಯಲ್ಲಿ ತಮ್ಮ ಹಿರಿಯ ಅಧಿಕಾರಿಗಳನ್ನು ಕಣ್ಣಾರೆ ಕಂಡು, ಮಾತು ಕೇಳಿ, 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಅಲ್ಲಿ ಕಂಡ ಮುಖಗಳು ಕೃತಕವಾಗಿದ್ದವು.

ಅದೇ ವರ್ಷ ಜುಲೈನಲ್ಲಿ ಫೆರಾರಿಯ ಅಧಿಕಾರಿಯೊಬ್ಬರಿಗೆ ಕಂಪನಿಯ ಮುಖ್ಯಸ್ಥರ ತದ್ರೂಪಿ ದನಿಯಲ್ಲಿ ಕರೆ ಬಂತು. ದನಿಯಲ್ಲಿ ಏನೋ ಎಡವಟ್ಟು ಕಂಡ ಆ ಅಧಿಕಾರಿ, 'ಮೊನ್ನೆ ನನಗೆ ಓದಲು ಹೇಳಿದ ಪುಸ್ತಕ ಯಾವುದು' ಎಂದು ಕೇಳಿದರು. ಕರೆ ಕಡಿದುಹೋಯಿತು. ಮನೆಯವರ ದನಿಯಲ್ಲಿ 'ಅಪಘಾತವಾಗಿದೆ, ತಕ್ಷಣ ದುಡ್ಡು ಕಳಿಸು' ಎಂಬ ಕರೆ ಬಂದರೆ ನೀವೂ ಹೀಗೇ ಮಾಡಬಹುದು. ಜಾಲತಾಣದಲ್ಲಿ ಎಲ್ಲೂ ಇರದ, ಮನೆಯವರಿಗಷ್ಟೇ ಗೊತ್ತಿರುವ ಒಂದು ಸಂಗತಿ ಕೇಳಿ, ಅಥವಾ ಇಟ್ಟು ಅವರ ಮಾಮೂಲು ನಂಬರಿಗೆ ನೀವೇ ಮಾಡಿ.

ಈಗಾಗಲೇ ಆ್ಯಪ್ ಹಾಕಿಕೊಂಡೋ, ಕೋಡ್ ಹೇಳಿಯೋ ಆಗಿದ್ದವರು ಈ ಕ್ರಮ ಹಿಡಿಯಲಿ. ಮೊದಲು ಆ ಸಾಧನದ ಇಂಟರ್‌ನೆಟ್ ಕಡಿಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡು ತಡೆಹಿಡಿಸಿ. ಹಣ ಒಂದರಿಂದ ಇನ್ನೊಂದು ಖಾತೆಗೆ ಹಾರುವ ಮೊದಲು ತಲುಪಿದರೆ ನಿಲ್ಲಿಸುವ ಸಾಧ್ಯತೆ ಹೆಚ್ಚು. ಆಮೇಲೆ ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಇಮೇಲ್‌ನದ್ದು ಎಲ್ಲಕ್ಕಿಂತ ಮೊದಲು, ಏಕೆಂದರೆ ಉಳಿದೆಲ್ಲ ಖಾತೆಗಳ ಹೊಸ ಪಾಸ್‌ವರ್ಡ್ ಬರುವುದು ಅಲ್ಲಿಗೇ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ. ಇಮೇಲ್ ಸೆಟ್ಟಿಂಗ್‌ನಲ್ಲಿ ಪತ್ರಗಳು ಬೇರೆಲ್ಲಿಗಾದರೂ ತಾನಾಗಿ ಹೋಗುವಂತೆ ಇಟ್ಟಿದ್ದಾರೆಯೇ ನೋಡಿ, ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಅವನು ಹೇಳಿದ ಯಾವುದಾದರೂ ವಿಚಿತ್ರ ಸಂಖ್ಯೆ ಡಯಲ್ ಮಾಡಿದ್ದರೆ ನಿಮ್ಮ ಕರೆಗಳು ಅವನಿಗೆ ತಿರುಗಿರಬಹುದು. ಬಹುತೇಕ ಮೊಬೈಲ್ ಜಾಲಗಳಲ್ಲಿ ##002# ಒತ್ತಿದರೆ ಎಲ್ಲ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿ ನೋಡಿ, ಗುರುತಿಲ್ಲದ್ದನ್ನು ತೆಗೆಯಿರಿ. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬೇಡಿ, ಪೊಲೀಸ್ ದೂರಿಗೆ ಅವು ಬೇಕು.

ಕೆಲ ವಾರಗಳ ನಂತರ 'ಕಳೆದ ಹಣ ವಾಪಸ್ ಕೊಡಿಸುತ್ತೇವೆ' ಎಂದು ವಕೀಲರ, ತನಿಖಾಧಿಕಾರಿಗಳ ಹೆಸರಿನಲ್ಲಿ ಕರೆ ಬಂದರೆ ಆಶ್ಚರ್ಯಪಡಬೇಡಿ. ಮೋಸಹೋದವರ ಪಟ್ಟಿಗಳೂ ಕೈಬದಲಾಗುತ್ತವೆ. ಮುಂಗಡ ಶುಲ್ಕ ಕೇಳಿದ ಕೂಡಲೇ ಗೊತ್ತಾಗಲಿ, ಗಾಯದ ಮೇಲೆ ಬರೆ ಎಳೆಯಲು ಬಂದವರು.

ಮುಂಜಾಗ್ರತೆಯಾಗಿ ಒಂದೇ ಒಂದು ತಾಂತ್ರಿಕ ಕೆಲಸ ಮಾಡಲು ಸಮಯವಿದ್ದರೆ, ಸೌಲಭ್ಯ ಇರುವ ಕಡೆಯೆಲ್ಲ ಪಾಸ್‌ಕೀಗೆ ಬದಲಾಗಿ, ಅಂದರೆ ಪಾಸ್‌ವರ್ಡ್ ಬದಲು ನಿಮ್ಮ ಸಾಧನದ ಬೆರಳಚ್ಚು, ಮುಖ ಅಥವಾ ಪಿನ್‌ನಿಂದಲೇ ಲಾಗಿನ್ ಆಗುವ ವ್ಯವಸ್ಥೆಗೆ. ಪಾಸ್‌ಕೀ ಅಸಲಿ ತಾಣದ ವಿಳಾಸಕ್ಕೆ ಕಟ್ಟಿರುತ್ತದೆ, ತದ್ರೂಪಿ ತಾಣದಲ್ಲಿ ಅದು ಕೆಲಸವೇ ಮಾಡುವುದಿಲ್ಲ, ಫೋನಿನಲ್ಲಿ ಓದಿ ಹೇಳಲು ಕೋಡ್ ಎಂಬುದೂ ಇರುವುದಿಲ್ಲ. ಸ್ಕ್ರೀನನ್ನೇ ವಂಚಕರ ಕೈಗೆ ಕೊಟ್ಟರೆ ಮಾತ್ರ ಇದೂ ಕಾಪಾಡದು. ದಿನದ ವರ್ಗಾವಣೆಯ ಮಿತಿಯನ್ನು ನಿಮ್ಮ ಅಗತ್ಯದಷ್ಟಕ್ಕೆ ಇಳಿಸಿಡಿ.

ತಾಯಿಯವರಿಗೆ ಇಷ್ಟೆಲ್ಲ ಹೇಳಲು ಹೋಗಬೇಡಿ. ಮೋಸದ ಇಪ್ಪತ್ತು ಬಗೆ ವಿವರಿಸಿದರೆ ಇಪ್ಪತ್ತೊಂದನೆಯದು ಬಂದಾಗ ಅದು ಪಟ್ಟಿಯಲ್ಲಿಲ್ಲ ಎಂದು ನಂಬುತ್ತಾರೆ. ಬ್ಯಾಂಕು, ಫೋನ್ ಕಂಪನಿ, ವಿದ್ಯುತ್ ಕಚೇರಿಯ ಸರಿಯಾದ ನಂಬರುಗಳನ್ನು ನೀವೇ ಅವರ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಡಿ, ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ. ಅಪರಿಚಿತರು ಏನೇ ಕೇಳಿದರೂ 'ಮಕ್ಕಳನ್ನು ಕೇಳಿ ಹೇಳುತ್ತೇನೆ' ಎಂಬ ಒಂದು ಮಾತು ಸಾಕು, ಅಷ್ಟು ಹೇಳಿ ಇಟ್ಟುಬಿಡಲಿ. ಬಿಡುವಿದ್ದಾಗ ನೀವೇ ವಂಚಕನಂತೆ ಮಾತಾಡಿ ಒಂದೆರಡು ಸಲ ಅಭ್ಯಾಸ ಮಾಡಿಸಿ. ಬಾಯಿಗೆ ಒಮ್ಮೆ ಬಂದ ಮಾತು ಗಾಬರಿಯಲ್ಲೂ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಡವಟ್ಟಾದರೆ ಬೈಯುವುದಿಲ್ಲ ಎಂದು ಈಗಲೇ ಮಾತು ಕೊಡಿ. ಮಕ್ಕಳು ಬೈದಾರು ಎಂದು ಸುಮ್ಮನಿದ್ದವರ ವಿಷಯ ಬ್ಯಾಂಕಿಗೆ ತಲುಪುವುದು ಒಂದು ದಿನ ತಡವಾಗಿ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ.